ಒಂದು ಪಿಕ್ಸೆಲ್ ಅಂದ್ರೆ ಒಂದು ಗುಂಟೆ: ಊರಿನ ಗಿಡಮರಗಳ ನಕ್ಷೆ ಮಾಡುವ ಬಗೆ

ಪ್ರಶ್ನೆ: ನಾನು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲೂ ಇದ್ದೇನೆ. ಜನತಾ ಜೀವವೈವಿಧ್ಯ ದಾಖಲಾತಿಯನ್ನು ಹೊಸದಾಗಿ ಬರೆಯಬೇಕು ಅಂತ ಹೊರಟಿದ್ದೇವೆ. ಉಪಗ್ರಹದ ಚಿತ್ರ ಇದ್ದರೆ ಎಲ್ಲಿ ಎಷ್ಟು ಜಾತಿಯ ಗಿಡ ಇದೆ ಅಂತ ಕಂಪ್ಯೂಟರೇ ಹೇಳುತ್ತದೆ ಎಂದು ಒಬ್ಬರು ಹೇಳಿದರು. ಮೊಬೈಲಿನಲ್ಲಿ ನೋಡಿದರೆ ನನಗೆ ಅಡಿಕೆ ತೋಟ, ಅಕೇಶಿಯಾ ಪ್ಲಾಂಟೇಶನ್, ಕಾನು (ನಿತ್ಯಹಸಿರು ಕಾಡು) ಎಲ್ಲ ಒಂದೇ ಹಸಿರು. ಕೈಯಲ್ಲಿ ದುಡ್ಡಿಲ್ಲ. ಹತ್ತು ಹದಿನೈದು ಮಕ್ಕಳು ಜೊತೆಗಿದ್ದಾರೆ. ನಮ್ಮ ಊರಿನ ಸಸ್ಯವೈವಿಧ್ಯದ ನಕ್ಷೆ ಮಾಡಲು ನಮ್ಮಿಂದ ಆಗುತ್ತದೆಯೇ?

ಉತ್ತರ:

ಖಂಡಿತ ಆಗುತ್ತದೆ ಮೇಷ್ಟ್ರೇ. ದುಡ್ಡೂ ಜಾಸ್ತಿ ಬೇಡ. ಆದರೆ ಅವರು ಹೇಳಿದ ಮಾತನ್ನು ಮೊದಲು ಸ್ವಲ್ಪ ತಿದ್ದಿಕೊಳ್ಳೋಣ. ಉಪಗ್ರಹಕ್ಕೆ ಗಿಡದ ಹೆಸರು ಗೊತ್ತಿಲ್ಲ. ಉಪ್ಪಾಗೆ ಯಾವುದು, ಮುರುಗಲು ಯಾವುದು ಅಂತ ಅದು ಹೇಳುವುದಿಲ್ಲ. ಅದಕ್ಕೆ ಸಿಗುವುದು ಎಲೆಗೆ ತಾಗಿ ವಾಪಸ್ ಬಂದ ಬೆಳಕು ಮಾತ್ರ. ಆ ಬೆಳಕನ್ನು ನೋಡಿ "ಈ ಜಾಗಕ್ಕೂ ಆ ಜಾಗಕ್ಕೂ ಏನೋ ವ್ಯತ್ಯಾಸ ಇದೆ" ಅಂತ ತಿಳಿಯಬಹುದು. ಆ ವ್ಯತ್ಯಾಸ ಏನು ಅಂತ ತಿಳಿಯಲು ಕಾಲ್ನಡಿಗೆಯಲ್ಲೇ ಹೋಗಬೇಕು. ನಾನು ಇಷ್ಟು ವರ್ಷ ಈ ಕೆಲಸ ಮಾಡಿ ಕಂಡುಕೊಂಡದ್ದು ಇದನ್ನೇ: ಎಲ್ಲಿ ನಡೆಯಬೇಕು ಅಂತ ತೋರಿಸುವುದೇ ಉಪಗ್ರಹದ ಚಿತ್ರ ನಮಗೆ ಮಾಡಿಕೊಡುವ ದೊಡ್ಡ ಉಪಕಾರ.

ಎಲ್ಲ ಒಂದೇ ಹಸಿರು ಅಂದಿರಲ್ಲ, ಅದು ನಿಮ್ಮ ಕಣ್ಣಿನ ತಪ್ಪಲ್ಲ. ಮೊಬೈಲಿನ ನಕ್ಷೆಯಲ್ಲಿ ಇರುವುದು ನಮ್ಮ ಕಣ್ಣಿಗೆ ಕಾಣುವ ಕೆಂಪು, ಹಸಿರು, ನೀಲಿ ಅಷ್ಟೇ. ಅದೂ ಬೇರೆ ಬೇರೆ ದಿನ ತೆಗೆದ ಚಿತ್ರಗಳನ್ನು ಜೋಡಿಸಿದ್ದು. ಎಲೆಗಳ ಗುಟ್ಟು ಇರುವುದು ನಮಗೆ ಕಾಣದ ಬೆಳಕಿನಲ್ಲಿ. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಅಡುಗೆಗೆ ಬಳಸಿಕೊಳ್ಳುತ್ತದೆ. ಕೆಂಪಿನ ಪಕ್ಕದ ಅವಕೆಂಪು ಬೆಳಕು ಅದಕ್ಕೆ ಬೇಡ. ಸುಮಾರು ಅರ್ಧದಷ್ಟನ್ನು ವಾಪಸ್ ಎಸೆಯುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡನ್ನೂ ಕೂಡಿದ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಇದೇ ಹಸಿರನ್ನು ಅಳೆಯುವ ಎನ್‌ಡಿವಿಐ. ಬರಡು ನೆಲದಲ್ಲಿ ಸೊನ್ನೆಯ ಹತ್ತಿರ, ದಟ್ಟ ಹಸಿರಿನಲ್ಲಿ ಒಂದರ ಹತ್ತಿರ. ಆದರೆ ನಿಮ್ಮ ಕಡೆ ಇದು ಬೇಗ ಸೋಲುತ್ತದೆ. ಎಲೆಯ ಮೇಲೆ ಎಲೆ ಕವಿದು ಒಂದು ಹಂತ ದಾಟಿದ ಮೇಲೆ ಆ ಸಂಖ್ಯೆ ಮೇಲೇರುವುದೇ ಇಲ್ಲ. ಕಾನು, ಅಕೇಶಿಯಾ, ಮೆಣಸಿನ ಬಳ್ಳಿ ಹಬ್ಬಿದ ಅಡಿಕೆ ತೋಟ, ಮೂರೂ ಒಂದೇ ಅಂಕ ಪಡೆದು ಕೂತಿರುತ್ತವೆ.

ಇನ್ನೊಂದು ವಿಷಯ, ಅಳತೆ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ. ಮೊದಲನೆಯದು 2015ರಲ್ಲಿ, ಜೊತೆಗಾರ 2017ರಲ್ಲಿ ಮೇಲೆ ಹೋದವು. ಈ ಸಾಲಿನ ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ನಿಮ್ಮ ಊರಿನ ಚಿತ್ರ ತೆಗೆಯುತ್ತವೆ. 13 ಬಗೆಯ ಬೆಳಕನ್ನು ಬೇರೆ ಬೇರೆಯಾಗಿ ಅಳೆಯುತ್ತವೆ. ಪೂರ್ತಿ ಉಚಿತ. ಇದರ ಚಿಕ್ಕ ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿ, 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ಒಂದು ಗುಂಟೆ ಅಂದರೆ 101 ಚದರ ಮೀಟರ್, ಅಲ್ವಾ? ಹಾಗಾಗಿ ಒಂದು ಪಿಕ್ಸೆಲ್ ಅಂದ್ರೆ ಒಂದು ಗುಂಟೆ ಅಂತ ಮಕ್ಕಳಿಗೆ ಹೇಳಿಕೊಡಿ. ತಟ್ಟನೆ ಅರ್ಥ ಆಗುತ್ತದೆ. ಒಂದು ಎಕರೆಗೆ 40 ಪಿಕ್ಸೆಲ್. 1972ರಿಂದ ನಡೆದುಬಂದ ಲ್ಯಾಂಡ್‌ಸ್ಯಾಟ್ ಸಾಲಿನ ಈಗಿನ ಚಿತ್ರಗಳಲ್ಲಿ ಪಿಕ್ಸೆಲ್ 30 ಮೀಟರ್, ಅಂದರೆ ಒಂಬತ್ತು ಗುಂಟೆ. ನಮ್ಮ ಇಸ್ರೋದ ಲಿಸ್-3 ಕ್ಯಾಮೆರಾದ್ದು 23.5 ಮೀಟರ್, ಸುಮಾರು ಐದೂವರೆ ಗುಂಟೆ. ದೊಡ್ಡದೊಂದು ಮರದ ನೆತ್ತಿ ಒಂದೆರಡು ಗುಂಟೆ ತುಂಬಬಹುದು. ಅದರ ಕೆಳಗಿನ ಗಿಡ, ಬಳ್ಳಿ, ಜರೀಗಿಡ, ಸೀತಾಳೆ ಯಾವುದೂ ಮೇಲಿನಿಂದ ಕಾಣುವುದಿಲ್ಲ.

ಇದು ನನಗೆ ಮನಸ್ಸಿಗೆ ನಾಟಿದ್ದು ಈ ಕೆಲಸಕ್ಕೆ ಬಂದ ಹೊಸತರಲ್ಲಿ. ಶರಾವತಿ ಕಡೆಯ ಒಂದು ಗುಡ್ಡದ ಚಿತ್ರವನ್ನು ಕಂಪ್ಯೂಟರಿನಲ್ಲಿ ವಿಂಗಡಿಸಿ, "ದಟ್ಟ ನಿತ್ಯಹಸಿರು" ಅಂತ ಗಾಢ ಹಸಿರು ಬಳಿದಿದ್ದೆ. ನಕ್ಷೆ ಹಿಡಿದು ಹೋದೆ. ಅಲ್ಲಿ ಸೌದೆ ಆರಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನ ಹಾಳೆ ನೋಡಿ, "ಇದು ಕಾನಲ್ಲ ತಮ್ಮಾ, ಅಕೇಶಿಯಾ" ಅಂದರು. ಒಳಗೆ ಹೋದರೆ ಸಾಲು ಸಾಲಾಗಿ ಒಂದೇ ಮರ. ನೆಲದ ಮೇಲೆ ಒಣಗಿದ ಎಲೆಯ ಹಾಸು. ನಾಲ್ಕು ಗುಂಟೆ ಅಳೆದು ಎಣಿಸಿದೆ. ಎದೆಮಟ್ಟದಲ್ಲಿ ಒಂದು ಅಡಿ ಸುತ್ತಳತೆ ದಾಟಿದ ಮರಗಳಲ್ಲಿ ಅಕೇಶಿಯಾ ಬಿಟ್ಟರೆ ಒಂದು ಕೌಲು, ಅಷ್ಟೇ. ಅಲ್ಲಿಂದ ಎರಡು ಫರ್ಲಾಂಗ್ ಕೆಳಗಿನ ಕಾನಿನಲ್ಲಿ ಅಷ್ಟೇ ಜಾಗಕ್ಕೆ ಹತ್ತೊಂಬತ್ತು ಜಾತಿ ಸಿಕ್ಕಿತು. ನನ್ನ ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ. ಅವತ್ತು ನನಗೆ ತುಂಬ ಬೇಜಾರಾಯಿತು. ಆದರೆ ಕಲಿತದ್ದೂ ಅವತ್ತೇ.

ಹಾಗಾದರೆ ಇವನ್ನು ಬೇರ್ಪಡಿಸುವುದು ಹೇಗೆ? ಕಾಲವನ್ನು ಬಳಸಿಕೊಳ್ಳಿ. ಒಂದು ದಿನದ ಚಿತ್ರ ಸಾಲದು. ಡಿಸೆಂಬರಿನದೊಂದು, ಮಾರ್ಚಿನದೊಂದು ತೆಗೆದು ಒಂದರಿಂದ ಒಂದನ್ನು ಕಳೆಯಿರಿ. ಮತ್ತಿ, ನಂದಿ, ಹೊನ್ನೆ ಇರುವ ಎಲೆ ಉದುರುವ ಕಾಡು ಮಾರ್ಚಿಗೆ ಬೋಳಾಗಿರುತ್ತದೆ. ಕಾನು ಹಸಿರಾಗೇ ಇರುತ್ತದೆ. ನಿಮ್ಮ ಸೊಪ್ಪಿನಬೆಟ್ಟ ಇವೆರಡರ ನಡುವೆ ಬರುತ್ತದೆ. ವರ್ಷವರ್ಷವೂ ಸೊಪ್ಪು ಕಡಿದ ಮರದ ನೆತ್ತಿ ಚಿಕ್ಕದು, ಸಂದಿನಲ್ಲಿ ನೆಲ ಇಣುಕುತ್ತದೆ. ಬೇಣ (ಹುಲ್ಲುಗಾವಲು) ಇದ್ದರಂತೂ ಮಳೆ ನಿಂತ ಮೇಲೆ ಹಸಿರು ಸರ್ರನೆ ಇಳಿಯುತ್ತದೆ. ಅಕೇಶಿಯಾ ವರ್ಷವಿಡೀ ಹಸಿರು, ಅದಕ್ಕೇ ಕಾನಿನ ಜೊತೆ ಬೆರೆತುಹೋಗುವುದು. ಅದನ್ನು ಹಿಡಿಯಲು ಎರಡು ದಾರಿ. ಒಂದು, ಎಲೆಯ ನೀರಿನಂಶಕ್ಕೆ ಸ್ಪಂದಿಸುವ ಕಿರುತರಂಗ ಅವಕೆಂಪು ಪಟ್ಟಿಗಳನ್ನು ಸೇರಿಸಿಕೊಳ್ಳುವುದು. ಸೆಂಟಿನೆಲ್‌ನಲ್ಲಿ ಇವು 20 ಮೀಟರಿನವು. ಎರಡು, ನೆತ್ತಿ ನುಣುಪೋ ಒರಟೋ ಅಂತ ನೋಡುವುದು. ಒಂದೇ ವಯಸ್ಸಿನ ಪ್ಲಾಂಟೇಶನ್ ಮೇಲಿನಿಂದ ಚಾಪೆ ಹಾಸಿದಂತೆ ಸಪಾಟು. ಕಾನಿನಲ್ಲಿ ಎತ್ತರ, ಗಿಡ್ಡ, ನೆರಳು, ಸಂದು ಎಲ್ಲ ಕಲೆತು ಉಬ್ಬುತಗ್ಗು. ಮಳೆಗಾಲದ ಚಿತ್ರಕ್ಕೆ ಆಸೆಪಡಬೇಡಿ, ಜೂನಿನಿಂದ ಸೆಪ್ಟೆಂಬರ್ ತನಕ ಮೋಡ ಬಿಟ್ಟರೆ ಬೇರೇನೂ ಇರುವುದಿಲ್ಲ. ಮೋಡ ತೂರಿ ನೋಡುವ ಸೆಂಟಿನೆಲ್-1 ರೇಡಾರ್ ಇದೆ. ಆದರೆ ಗುಡ್ಡಗಾಡಿನಲ್ಲಿ ಅದನ್ನು ಪಳಗಿಸುವುದು ಕಷ್ಟ. ಮೊದಲ ವರ್ಷ ಅದರ ತಂಟೆಗೆ ಹೋಗಬೇಡಿ.

ಇಷ್ಟು ಮಾಡಿದರೆ ನಿಮಗೆ ಕಾಡಿನ ಬಗೆಗಳ ನಕ್ಷೆ ಸಿಗುತ್ತದೆ. ಅದು ಇನ್ನೂ ವೈವಿಧ್ಯದ ನಕ್ಷೆ ಅಲ್ಲ.

ಹಿಂದೆ ದೊಡ್ಡ ಮಟ್ಟದಲ್ಲಿ ಈ ಕೆಲಸ ಮಾಡಿದವರೂ ಹೀಗೇ ಹಂತಹಂತವಾಗಿ ನಡೆದವರು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನ ಪಾಸ್ಕಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಪಶ್ಚಿಮ ಘಟ್ಟದ ಕಾಡಿನ ನಕ್ಷೆಗಳನ್ನು ಹೊರತಂದರು. ನಕ್ಷೆಯ ಒಂದು ಸೆಂಟಿಮೀಟರಿಗೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ಅವರು ಕಾಡನ್ನು ಬರೀ "ನಿತ್ಯಹಸಿರು" ಅಂತ ಕರೆದು ಸುಮ್ಮನಾಗಲಿಲ್ಲ. ಅಲ್ಲಿ ಯಾವ ಮರಗಳು ಮೇಳೈಸಿವೆಯೋ ಅವುಗಳ ಹೆಸರನ್ನೇ ಕಾಡಿಗೆ ಇಟ್ಟರು. ಎಷ್ಟು ಮಳೆ ಅನ್ನುವುದರ ಜೊತೆಗೆ ಬೇಸಿಗೆ ಎಷ್ಟು ತಿಂಗಳು ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡರು. ಘಟ್ಟದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬಂದಂತೆ ಒಣ ತಿಂಗಳು ಹೆಚ್ಚುತ್ತವೆ. ಅದಕ್ಕೆ ತಕ್ಕಂತೆ ಮರಗಳೂ ಬದಲಾಗುತ್ತವೆ. ಆಮೇಲೆ ಬಾಹ್ಯಾಕಾಶ ಇಲಾಖೆ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಇಡೀ ದೇಶಕ್ಕೆ ಇಂಥ ಕೆಲಸ ಮಾಡಿಸಿದವು. ಲಿಸ್-3 ಚಿತ್ರಗಳನ್ನು ಬಳಸಿ ಮಾಡಿದ ಆ ಸಸ್ಯವರ್ಗದ ನಕ್ಷೆ 2015ರಲ್ಲಿ ಪ್ರಕಟವಾಯಿತು. ಅದರ ಹಿಂದೆ 15 ಸಾವಿರಕ್ಕೂ ಹೆಚ್ಚು ತುಂಡು ನೆಲಗಳ ಅಳತೆ ಇದೆ. ಅಷ್ಟು ಕಡೆ ಯಾರೋ ಹಗ್ಗ ಹಿಡಿದು ಹೋಗಿ ಮರ ಎಣಿಸಿದ್ದಾರೆ. ನಕ್ಷೆ ನೋಡುವಾಗ ಇದು ನೆನಪಿರಲಿ.

ಈಗ ವೈವಿಧ್ಯ ಅಂದರೆ ಏನು ಅನ್ನುವುದಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಳ ನಕ್ಷೆಗಳು ಎಡವುವುದು ಇಲ್ಲೇ.

ಎರಡು ತುಂಡು ನೆಲ ಇದೆ ಅಂದುಕೊಳ್ಳಿ. ಎರಡರಲ್ಲೂ ನೂರು ಮರ, ಎರಡರಲ್ಲೂ ಹತ್ತು ಜಾತಿ. ಮೊದಲನೆಯದರಲ್ಲಿ ಒಂದೊಂದು ಜಾತಿಯದೂ ಹತ್ತು ಹತ್ತು ಮರ. ಎರಡನೆಯದರಲ್ಲಿ ತೇಗವೇ 91, ಉಳಿದ ಒಂಬತ್ತು ಜಾತಿಯದು ಒಂದೊಂದೇ ಮರ. ಪಟ್ಟಿ ಮಾಡಿದರೆ ಎರಡೂ "ಹತ್ತು ಜಾತಿ". ಒಂದೊಂದು ಜಾತಿಯ ಪಾಲು ಎಷ್ಟು ಅನ್ನುವುದನ್ನೂ ಲೆಕ್ಕಕ್ಕೆ ತರುವ ಶ್ಯಾನನ್ ಸೂಚ್ಯಂಕ ಹಾಕಿ, ಅದನ್ನು ಜಾತಿಗಳ ಸಂಖ್ಯೆಗೆ ಇಳಿಸಿದರೆ ಮೊದಲನೆಯದು ಹತ್ತಕ್ಕೆ ಹತ್ತೂ ಬರುತ್ತದೆ. ಎರಡನೆಯದು 1.65. ಅಂದರೆ ಅಲ್ಲಿ ಓಡಾಡುವವನಿಗೆ ಎರಡು ಜಾತಿಯೂ ಪೂರ್ತಿ ಕಾಣುವುದಿಲ್ಲ. ಹಾಗಾಗಿ ಮಕ್ಕಳು ಬರೀ ಹೆಸರು ಬರೆದುಕೊಂಡು ಬಂದರೆ ಸಾಲದು, ಒಂದೊಂದರದೂ ಎಷ್ಟು ಅಂತ ಎಣಿಸಲಿ.

ಇನ್ನೊಂದು ಮುಖವೂ ಇದೆ. ಒಂದು ಜಾಗದಲ್ಲಿ ಎಷ್ಟು ಜಾತಿ ಅನ್ನುವುದು ಒಂದು ಲೆಕ್ಕ. ಜಾಗದಿಂದ ಜಾಗಕ್ಕೆ ಜಾತಿ ಎಷ್ಟು ಬದಲಾಗುತ್ತದೆ ಅನ್ನುವುದು ಇನ್ನೊಂದು. ಬೇಣದಲ್ಲಿ ಮರ ಇಲ್ಲ. ಮರದ ಲೆಕ್ಕದಲ್ಲಿ ಅದು ಬಡವ. ಆದರೆ ಮಳೆಗಾಲ ಮುಗಿಯುವಾಗ ಬೇಣದಲ್ಲಿ ಹೂ ಬಿಡುವ ಸಣ್ಣಪುಟ್ಟ ಗಿಡಗಳು ಕಾನಿನಲ್ಲಿ ಒಂದೂ ಸಿಗುವುದಿಲ್ಲ. ಊರಿನ ಒಟ್ಟು ಪಟ್ಟಿಗೆ ಬೇಣ ಸೇರಿಸುವುದು ಪೂರ್ತಿ ಬೇರೆಯದೇ ಹೆಸರುಗಳನ್ನು. ಬರೀ ಮರ ಎಣಿಸಿ ಬಣ್ಣ ಹಚ್ಚಿದರೆ ನಿಮ್ಮ ನಕ್ಷೆಯಲ್ಲಿ ಬೇಣ "ಖಾಲಿ ಜಾಗ" ಅಂತ ಕಾಣುತ್ತದೆ. ಖಾಲಿ ಅಂತ ಕಂಡದ್ದಕ್ಕೆ ನಾಳೆ ಯಾರೋ ಸಸಿ ತಂದು ನೆಡುತ್ತಾರೆ. ಇದು ಆಗಬಾರದು. ಬೇಣಕ್ಕೆ ಬೇರೆ ಪಟ್ಟಿ, ಬೇರೆ ಕಾಲ ಇಟ್ಟುಕೊಳ್ಳಿ. ಸೆಪ್ಟೆಂಬರ್ ಕೊನೆಗೆ ಒಂದು ಮೀಟರ್ ಚೌಕ ಹಾಕಿ ಎಣಿಸಿದರೆ ಸಾಕು.

ಮರಗಳಿಗೆ 20 ಮೀಟರ್ ಚೌಕ ಹಾಕಿ. ನಾಲ್ಕು ಗುಂಟೆ, ನಾಲ್ಕು ಪಿಕ್ಸೆಲ್. ಘಟ್ಟದ ಕಾಡುಗಳಲ್ಲಿ ತುಂಬ ಜನ ಬಳಸುವ ಕ್ರಮ ಒಂದಿದೆ. 180 ಮೀಟರಿನ ನೇರ ಗೆರೆ ಎಳೆದು, ಇಪ್ಪತ್ತು ಮೀಟರ್ ಚೌಕ, ಇಪ್ಪತ್ತು ಮೀಟರ್ ಬಿಡುವು, ಮತ್ತೆ ಚೌಕ ಅಂತ ಐದು ಚೌಕ. ಇದಕ್ಕೆ ಬೇಕಾದ್ದು ನೈಲಾನ್ ಹಗ್ಗ, ಟೇಲರ್ ಟೇಪು, ದಿಕ್ಸೂಚಿ, ಒಂದು ಮೊಬೈಲು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ 30 ಸೆಂಟಿಮೀಟರ್ ದಾಟಿದ ಮರ ಎಲ್ಲ ಎಣಿಸಿ. ಒಂದು ಮಾತು ನೆನಪಿಟ್ಟುಕೊಳ್ಳಿ. ದಟ್ಟ ಮರದಡಿ ಮೊಬೈಲಿನ ಜಿಪಿಎಸ್ ಹತ್ತು ಮೀಟರೋ ಅದಕ್ಕಿಂತ ಜಾಸ್ತಿಯೋ ಆಚೀಚೆ ತೋರಿಸುತ್ತದೆ. ಕಾಡಿನ ಅಂಚಿನಲ್ಲಿ ಚೌಕ ಹಾಕಿದರೆ ಅದು ನಕ್ಷೆಯಲ್ಲಿ ಪಕ್ಕದ ತೋಟದೊಳಗೆ ಬೀಳಬಹುದು. ಅಂಚಿನಿಂದ ಕಡಿಮೆ ಅಂದ್ರೂ 30 ಮೀಟರ್ ಒಳಗೆ ಹೋಗಿ. ಚೌಕದ ನಡುವೆ ಐದು ನಿಮಿಷ ನಿಂತು ಆಮೇಲೆ ಗುರುತು ಹಾಕಿ.

ಎಷ್ಟು ಚೌಕ ಹಾಕಿದರೆ ಸಾಕು ಅಂತ ನೀವು ಕೇಳೇ ಕೇಳುತ್ತೀರಿ. ಇದಕ್ಕೆ ತೈವಾನಿನ ಆನ್ ಚಾವ್ ಅನ್ನುವ ಸಂಖ್ಯಾಶಾಸ್ತ್ರಜ್ಞೆ ಕೊಟ್ಟ ಸುಲಭ ಲೆಕ್ಕ ಇದೆ. ಹತ್ತು ಚೌಕದಲ್ಲಿ ಒಟ್ಟು 60 ಜಾತಿ ಕಂಡಿರಿ ಅನ್ನಿ. ಅದರಲ್ಲಿ 12 ಜಾತಿ ಒಂದೇ ಚೌಕದಲ್ಲಿ ಸಿಕ್ಕವು, 6 ಜಾತಿ ಎರಡೇ ಚೌಕದಲ್ಲಿ. ಹನ್ನೆರಡನ್ನು ಹನ್ನೆರಡರಿಂದ ಗುಣಿಸಿ, ಆರರ ಎರಡರಷ್ಟರಿಂದ ಭಾಗಿಸಿ: 144 ಭಾಗ 12, ಬಂತು 12. ಅಂದರೆ ಆ ಕಾಡಿನಲ್ಲಿ ಸುಮಾರು 72 ಆದರೂ ಇರಬೇಕು, ಹನ್ನೆರಡು ಇನ್ನೂ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಒಂದೇ ಸಲ ಕಂಡವು ಹೆಚ್ಚಿದ್ದಷ್ಟೂ ಹುಡುಕಾಟ ಬಾಕಿ ಇದೆ ಅಂತ ಅರ್ಥ. ಹೈಸ್ಕೂಲ್ ಮಕ್ಕಳು ಬೋರ್ಡಿನ ಮೇಲೆ ಮಾಡುವ ಲೆಕ್ಕ ಇದು. ಕಂಡದ್ದರಿಂದ ಕಾಣದ್ದನ್ನು ಅಂದಾಜು ಮಾಡಬಹುದು ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು ನೀವು.

ಮಕ್ಕಳ ಚೌಕಕ್ಕೂ ಉಪಗ್ರಹಕ್ಕೂ ಸೇತುವೆ ಹಾಕುವ ಒಂದು ವಿಚಾರ ಇದೆ. ಬಗೆಬಗೆಯ ಗಿಡ ಇರುವ ಕಡೆ ಬಗೆಬಗೆಯ ಬೆಳಕು ವಾಪಸ್ ಬರುತ್ತದೆ, ಹಾಗಾಗಿ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಬೆಳಕು ಎಷ್ಟು ಬದಲಾಗುತ್ತದೆ ಅಂತ ಅಳೆದರೆ ವೈವಿಧ್ಯದ ಸುಳಿವು ಸಿಗುತ್ತದೆ ಅನ್ನುವುದು ಆ ವಿಚಾರ. ಒಳ್ಳೆಯ ವಿಚಾರವೇ. ಆದರೆ ನಿಮ್ಮ ಊರಿನಲ್ಲಿ ಅದನ್ನು ಇಡೀ ನಕ್ಷೆಗೆ ಹಾಕಿದರೆ ಅತಿ ಹೆಚ್ಚು "ವೈವಿಧ್ಯ" ಕಾಣುವುದು ಎಲ್ಲಿ ಗೊತ್ತಾ? ಬಸ್ ಸ್ಟ್ಯಾಂಡಿನ ಸುತ್ತ. ಟಾರು ರಸ್ತೆ, ಹೆಂಚಿನ ಮಾಡು, ಅಡಿಕೆ ಒಣಗಿಸುವ ಅಂಗಳ, ತೆಂಗಿನ ಮರ, ಕೆರೆ, ಎಲ್ಲ ಪಕ್ಕಪಕ್ಕ. ಅದಕ್ಕೇ ಮೊದಲು ಕಾಡಿನ ಬಗೆ ವಿಂಗಡಿಸಿಕೊಳ್ಳಿ. ಆಮೇಲೆ ಕಾನಿನ ಒಳಗೆ ಮಾತ್ರ ಈ ಅಳತೆ ಹಾಕಿ. ಕಾನು ಕಾನಿಗೆ ಹೋಲಿಸಿದಾಗ ಅದಕ್ಕೆ ಅರ್ಥ ಬರುತ್ತದೆ. ಅಲ್ಲೂ ನಿಮ್ಮ ಚೌಕದ ಎಣಿಕೆಗೆ ಅದು ತಾಳೆ ಆಗುತ್ತಾ ಅಂತ ನೋಡಿಯೇ ನಂಬಬೇಕು. ಎಷ್ಟೋ ಕಡೆ ತಾಳೆ ಆಗುವುದಿಲ್ಲ.

ಒಂದೊಂದು ಜಾತಿ ಎಲ್ಲೆಲ್ಲಿ ಇರಬಹುದು ಅಂತ ಊಹಿಸುವ ಮಾಡೆಲ್‌ಗಳ ಬಗ್ಗೆಯೂ ನೀವು ಕೇಳಿರಬಹುದು. ಇದರಲ್ಲಿ ಹೆಸರಾದದ್ದು 2006ರಲ್ಲಿ ಬಂದ ಮ್ಯಾಕ್ಸೆಂಟ್. ಉಪ್ಪಾಗೆ ಕಂಡ ಜಾಗಗಳನ್ನು ಕೊಟ್ಟರೆ, ಅಲ್ಲಿನ ಮಳೆ, ಬಿಸಿಲು, ಎತ್ತರವನ್ನು ಸುತ್ತಲಿನ ಪ್ರದೇಶದ ಜೊತೆ ಹೋಲಿಸಿ, ಇಂಥದೇ ಹವೆ ಇನ್ನೆಲ್ಲಿದೆ ಅಂತ ಬಣ್ಣ ಹಚ್ಚಿ ತೋರಿಸುತ್ತದೆ. ರಾಜ್ಯದ ಮಟ್ಟಕ್ಕೆ, ಜಿಲ್ಲೆಯ ಮಟ್ಟಕ್ಕೆ ಇದು ಉಪಯೋಗಕ್ಕೆ ಬರುತ್ತದೆ. ಉತ್ತರ ಕನ್ನಡದಲ್ಲೇ ಘಟ್ಟದ ನೆತ್ತಿಯಿಂದ ಮುಂಡಗೋಡದ ಕಡೆ ಹೋಗುವಷ್ಟರಲ್ಲಿ ಮಳೆ ಮೂರನೇ ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಆ ಏರಿಳಿತವನ್ನು ಮಾಡೆಲ್ ಹಿಡಿಯುತ್ತದೆ. ನಿಮ್ಮ ಪಂಚಾಯ್ತಿಗೆ ಮಾತ್ರ ಇದನ್ನು ಹಾಕಬೇಡಿ. ಎಲ್ಲರೂ ಬಳಸುವ ಹವೆಯ ಮಾಹಿತಿಯ ಒಂದು ಪಿಕ್ಸೆಲ್ ಸುಮಾರು ಒಂದು ಚದರ ಕಿಲೋಮೀಟರ್, ಅಂದರೆ 247 ಎಕರೆ. ನಿಮ್ಮ ಹಳ್ಳಿಯಲ್ಲಿ ಅಂಥವು ಹತ್ತೋ ಹದಿನೈದೋ ಬಂದರೆ ಹೆಚ್ಚು. ಅದನ್ನು ಸಣ್ಣದಾಗಿ ಕತ್ತರಿಸಿ ತೋರಿಸಿದರೆ ನಕ್ಷೆ ಚೆಂದ ಕಾಣಬಹುದು, ಮಾಹಿತಿ ಹೆಚ್ಚಾಗುವುದಿಲ್ಲ.

ಇದರಲ್ಲೇ ಇನ್ನೊಂದು ತೊಡಕು. ಗಿಡ ಕಂಡ ದಾಖಲೆಗಳೆಲ್ಲ ರಸ್ತೆ ಪಕ್ಕದವು. ಜನ ಬಸ್ಸಿಳಿದು ಫೋಟೊ ತೆಗೆಯುತ್ತಾರೆ, ಜಲಪಾತಕ್ಕೆ ಹೋಗಿ ಫೋಟೊ ತೆಗೆಯುತ್ತಾರೆ. ಮಾಡೆಲ್‌ಗೆ ಅದು ಗೊತ್ತಾಗುವುದಿಲ್ಲ. ಗಿಡ ಎಲ್ಲಿ ಬೆಳೆಯುತ್ತದೆ ಅನ್ನುವ ಬದಲು ಜನ ಎಲ್ಲಿ ಓಡಾಡುತ್ತಾರೆ ಅನ್ನುವುದನ್ನು ಅದು ಕಲಿತುಬಿಡುತ್ತದೆ. ಹರ್ಬೇರಿಯಮ್‌ನ (ಒಣಗಿಸಿದ ಗಿಡಗಳ ಸಂಗ್ರಹದ) ಹಳೆಯ ಹಾಳೆಗಳಲ್ಲಂತೂ ಊರಿನ ಹೆಸರು ಮಾತ್ರ ಇರುತ್ತದೆ. ಗಿಡ ಗುರುತಿಸಲು ಆ ಹಾಳೆಗಳಿಗಿಂತ ಒಳ್ಳೆಯ ಗುರು ಇಲ್ಲ. ಜಾಗ ಹೇಳಲು ಮಾತ್ರ ಅವು ಸಾಲವು.

ಈಗ ನನಗೆ ತುಂಬ ಹತ್ತಿರದ ವಿಷಯ. ನಿಮ್ಮ ತಾಲ್ಲೂಕು ಅಂದ ಕೂಡಲೇ ನೆನಪಾದದ್ದು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಜಾತಿಯ ಮರಗಳಿರುವ ಕಾಡಿನ ಜೌಗು. ಕತ್ತಲೆಕಾನು ನಿಮ್ಮ ತಾಲ್ಲೂಕಿನದೇ ಅಲ್ವಾ? ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಊರಿನ ಹೆಸರನ್ನೇ ಹೊತ್ತ ಮರವನ್ನು ವಿಜ್ಞಾನಕ್ಕೆ ಪರಿಚಯ ಮಾಡಿದ್ದು 2000ದಲ್ಲಿ. ಅಷ್ಟು ದೊಡ್ಡ ಮರ ಅಷ್ಟು ವರ್ಷ ಯಾರ ಪಟ್ಟಿಯಲ್ಲೂ ಇರಲಿಲ್ಲ. ಅದರ ನೆಲೆ ಈ ಜಡ್ಡಿಗಳಲ್ಲೇ. ಇಂಥ ಮರಕ್ಕೆ ಮಾಡೆಲ್ ಮಾಡಲು ಆಗುವುದಿಲ್ಲ, ಗೊತ್ತಿರುವ ಜಾಗಗಳೇ ಬೆರಳೆಣಿಕೆ. ಹಾಗಾಗಿ ಮರವನ್ನು ಬಿಟ್ಟು ಜಡ್ಡಿಯನ್ನೇ ಹುಡುಕಬೇಕು.

ಹಾಗಂತ ಜಡ್ಡಿಯ ಬೆಳಕನ್ನು ಹುಡುಕಿ ಹೊರಟರೆ ಸೋಲುತ್ತೀರಿ. ಮೇಲಿನಿಂದ ಜಡ್ಡಿಯೂ ಕಾನಿನಂತೆಯೇ ಹಸಿರು. ಅರ್ಧ ಎಕರೆಯ ಜಡ್ಡಿ ಅಂದರೆ ಇಪ್ಪತ್ತು ಪಿಕ್ಸೆಲ್, ಅದೂ ಹಳ್ಳದ ಗುಂಟ ಉದ್ದಕ್ಕೆ ಹರಡಿದ್ದು. ಬೆಳಕಿನ ಬದಲು ನೆಲದ ಆಕಾರ ಹಿಡಿಯಿರಿ. ಜಡ್ಡಿ ಆಗಲು ಏನು ಬೇಕು? ವರ್ಷವಿಡೀ ನೀರು ಜಿನುಗಬೇಕು, ಆ ನೀರು ಬೇಗ ಹರಿದುಹೋಗಬಾರದು. ಅಂದರೆ ಮೇಲೆ ಕಾಡು ಹೊದ್ದ ಗುಡ್ಡ, ಕೆಳಗೆ ಸಪಾಟಾದ ಕೊಳ್ಳ. ಎತ್ತರದ ಮಾಹಿತಿಯಿಂದ ಇದನ್ನು ಲೆಕ್ಕ ಹಾಕಬಹುದು. ಒಂದೊಂದು ಪಿಕ್ಸೆಲ್‌ಗೂ ಮೇಲಿನಿಂದ ಎಷ್ಟು ಜಾಗದ ನೀರು ಬಂದು ಸೇರುತ್ತದೆ, ಅಲ್ಲಿ ಇಳಿಜಾರು ಎಷ್ಟು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಲಾಗರಿದಮ್ ತೆಗೆದರೆ ತೇವದ ಸೂಚ್ಯಂಕ ಬರುತ್ತದೆ. 1979ರಲ್ಲಿ ಬೆವೆನ್ ಮತ್ತು ಕರ್ಕ್‌ಬಿ ಹೇಳಿಕೊಟ್ಟ ಲೆಕ್ಕ. ತೇವದ ಅಂಕ ಹೆಚ್ಚಿರುವ, ಮಾರ್ಚಿನಲ್ಲೂ ಹಸಿರಾಗಿರುವ, ಕಾನಿನ ಒಳಗೆ ಬೀಳುವ ಜಾಗಗಳನ್ನು ಗುರುತು ಮಾಡಿ. ನಿಮ್ಮ ಪಂಚಾಯ್ತಿಯಲ್ಲಿ ಅಂಥ ಹತ್ತಿಪ್ಪತ್ತು ಸಿಗಬಹುದು.

ಇಲ್ಲೊಂದು ಎಚ್ಚರಿಕೆ. ಉಚಿತವಾಗಿ ಸಿಗುವ ಎತ್ತರದ ಮಾಹಿತಿಯಲ್ಲಿ ಹೆಚ್ಚು ಬಳಕೆಯದು 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬಿಟ್ಟು ಅಳೆದದ್ದು. ಆ ರೇಡಾರ್ ದಟ್ಟ ಕಾಡಿನಲ್ಲಿ ನೆಲ ಮುಟ್ಟುವುದಿಲ್ಲ, ಮರದ ನೆತ್ತಿಯ ಹತ್ತಿರವೇ ನಿಲ್ಲುತ್ತದೆ. ಕೊಳ್ಳದಲ್ಲಿ ಎತ್ತರದ ಮರ ಇದ್ದರೆ ಕೊಳ್ಳವೇ ತುಂಬಿಹೋದಂತೆ ಕಾಣುತ್ತದೆ. ಜಡ್ಡಿ ಇರುವುದೇ ಅಂಥ ಕಡೆ! ಹಾಗಾಗಿ ಸೂಚ್ಯಂಕ ಕೊಟ್ಟ ಜಾಗದ ಆಚೀಚೆ ನೂರು ಮೀಟರ್ ಸುತ್ತಾಡಿಯೇ ಬರಬೇಕು.

ನಾನು ಮೊದಲ ಸಲ ಹೀಗೆ ಹುಡುಕಿಕೊಂಡು ಹೋದದ್ದು ಏಪ್ರಿಲ್ ಮಧ್ಯದಲ್ಲಿ. ಜೊತೆಗೆ ಆ ಊರಿನ ಜೇನು ಕೀಳುವ ಹಿರಿಯರೊಬ್ಬರಿದ್ದರು. ಮೇಲಿನ ಬೆಟ್ಟದಲ್ಲಿ ಕಾಲಡಿಯ ಎಲೆ ಚರಚರ ಅನ್ನುತ್ತಿತ್ತು. ಕೆಳಗೆ ಇಳಿದಂತೆ ಸದ್ದು ನಿಂತಿತು. ತಣ್ಣನೆಯ ಕಪ್ಪು ಕೆಸರು, ಕಣಕಾಲು ತನಕ. ಕೆಸರಿನಿಂದ ಬೇರುಗಳು ಮೇಲೆದ್ದು, ಮಂಡಿ ಮಡಿಸಿದ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿದಿದ್ದವು. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಬೇರು ಉಸಿರಾಡಲು ಮೇಲೆ ಬರುತ್ತದೆ. ಮರದ ಬುಡಕ್ಕೆ ಊರುಗೋಲಿನಂಥ ಬೇರುಗಳು ಬೇರೆ. ಹಿರಿಯರು ತೊಗಟೆಗೆ ಉಗುರು ತಾಗಿಸಿ ತೋರಿಸಿದರು, ಕೆಂಪು ರಸ ಒಸರಿತು. ನನ್ನ ನಕ್ಷೆಯ ಗುರುತಿನಿಂದ ಆ ಜಾಗ ಎಪ್ಪತ್ತು ಮೀಟರ್ ಆಚೆ ಇತ್ತು. ನಕ್ಷೆ ನೋಡಿ ನಾನು ಗುರುತು ಹಾಕಿದ್ದ ಇನ್ನೂ ನಾಲ್ಕು ಕೊಳ್ಳಗಳಿಗೆ ಅವರು ಕರೆದುಕೊಂಡು ಹೋದರು. ಎರಡರಲ್ಲಿ ಅಡಿಕೆ ತೋಟ ಇತ್ತು. ಒಂದರಲ್ಲಿ ಗದ್ದೆ. ತೋಟದ ಮೂಲೆಯಲ್ಲಿ ಚೌಡಿಯ ಕಲ್ಲಿನ ಪಕ್ಕ ರಾಮಪತ್ರೆಯ ಜಾತಿಯದೇ ಒಂದು ಹಳೆಯ ಮರ ಒಂಟಿಯಾಗಿ ಉಳಿದಿತ್ತು. ತೇವದ ಲೆಕ್ಕ ತಪ್ಪು ಹೇಳಿರಲಿಲ್ಲ. ಅದು ತೋರಿಸಿದ್ದು ಹಿಂದೆ ಜಡ್ಡಿ ಇದ್ದಿರಬಹುದಾದ ಜಾಗಗಳನ್ನು. ನಿಮ್ಮಲ್ಲೂ ಹೀಗೇ ಆಗುತ್ತದೆ. ಅಂಥ ಜಾಗಗಳನ್ನು "ತಪ್ಪು" ಅಂತ ಅಳಿಸಬೇಡಿ. ಬೇರೆ ಬಣ್ಣ ಕೊಟ್ಟು ಇಟ್ಟುಕೊಳ್ಳಿ, ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ.

ಕೆಲಸದ ಸಲಕರಣೆ ಹೇಳಿಬಿಡುತ್ತೇನೆ. ನಕ್ಷೆ ಮಾಡುವ ಕ್ಯೂಜಿಐಎಸ್ ಅನ್ನುವ ಉಚಿತ ತಂತ್ರಾಂಶ ಸಾಕು, ಶಾಲೆಯ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಇಂಟರ್ನೆಟ್ ಚೆನ್ನಾಗಿದ್ದರೆ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಚಿತ್ರ ಇಳಿಸಿಕೊಳ್ಳದೆಯೇ ಡಿಸೆಂಬರ್-ಮಾರ್ಚ್ ಕಳೆಯುವ ಲೆಕ್ಕ ಮಾಡಬಹುದು. ಸರ್ವೆ ನಂಬರಿನ ಗಡಿ ತಿಳಿಯಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಇಸ್ರೋದ ಭುವನ್ ನಕ್ಷೆ ತಾಣವನ್ನೂ ನೋಡಿ. ಕಾಡಿನ ಬಗೆ ವಿಂಗಡಿಸಲು ಕಂಪ್ಯೂಟರಿಗೆ ಮಾದರಿ ಜಾಗಗಳನ್ನು ಕೊಡಬೇಕಾಗುತ್ತದೆ. ಅವನ್ನು ಮಕ್ಕಳಿಂದಲೇ ಮಾಡಿಸಿ. "ನಮ್ಮ ಬೆಟ್ಟ", "ನಮ್ಮ ಬೇಣ", "ದೇವರಕಾನು" ಅಂತ ಅವರಿಗೆ ಗೊತ್ತಿರುವುದು ಯಾವ ಆಫೀಸಿನಲ್ಲಿ ಕೂತವರಿಗೂ ಗೊತ್ತಿಲ್ಲ. ಆ ಜಾಗಗಳಲ್ಲಿ ಮೂರರಲ್ಲಿ ಒಂದು ಪಾಲನ್ನು ಕಂಪ್ಯೂಟರಿಗೆ ಹೇಳದೆ ಪಕ್ಕಕ್ಕೆ ಇಡಿ. ನಕ್ಷೆ ಆದ ಮೇಲೆ ಅವುಗಳ ಜೊತೆ ಹೋಲಿಸಿ. ಎಷ್ಟು ಕಾನು ಅಕೇಶಿಯಾ ಆಗಿದೆ, ಎಷ್ಟು ತೋಟ ಕಾನು ಆಗಿದೆ ಅಂತ ಒಂದು ಕೋಷ್ಟಕ ಬರೆದು ನಕ್ಷೆಯ ಕೆಳಗೇ ಅಂಟಿಸಿ. ಪಕ್ಕಕ್ಕೆ ಇಡುವ ಜಾಗಗಳು ಕೊಟ್ಟ ಜಾಗಗಳ ಪಕ್ಕದಲ್ಲೇ ಇರಬಾರದು, ಬೇರೆ ಮಜರೆಯವಾಗಿರಲಿ. ಅಕ್ಕಪಕ್ಕದ್ದು ಹೇಗೂ ಸರಿ ಬರುತ್ತದೆ, ಅದು ಪರೀಕ್ಷೆ ಆಗುವುದಿಲ್ಲ.

ಯಾರೂ ನಡೆದು ನೋಡದ ಜಾಗಗಳಿಗೆ ಹಸಿರು ಬಳಿಯಬೇಡಿ. ಬೂದು ಬಣ್ಣ ಕೊಡಿ. ಮೊದಲ ವರ್ಷ ನಿಮ್ಮ ನಕ್ಷೆಯ ಬಹುಪಾಲು ಬೂದು ಬಣ್ಣವೇ ಇರಲಿ, ಏನೂ ತೊಂದರೆ ಇಲ್ಲ. ಮುಂದಿನ ವರ್ಷದ ಮಕ್ಕಳಿಗೆ ಎಲ್ಲಿ ಹೋಗಬೇಕು ಅಂತ ಅದೇ ಹೇಳುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಜಡ್ಡಿಯ, ಶ್ರೀಗಂಧದ, ಬೆಲೆ ಬಾಳುವ ಔಷಧಿ ಗಿಡಗಳ ನಿಖರ ಗುರುತುಗಳನ್ನು ಇಂಟರ್ನೆಟ್ಟಿಗೆ ಹಾಕಬೇಡಿ, ವಾಟ್ಸಾಪ್ ಗ್ರೂಪಿಗೂ ಬೇಡ. ಮೊಬೈಲಿನಲ್ಲಿ ತೆಗೆದ ಫೋಟೊದೊಳಗೂ ಜಾಗದ ಗುರುತು ಅಡಗಿರುತ್ತದೆ. ಹೊರಗೆ ತೋರಿಸುವ ನಕ್ಷೆಯಲ್ಲಿ ಇಡೀ ಮಜರೆಗೆ ಒಂದೇ ಬಣ್ಣ ಕೊಡಿ. ನಿಖರ ಜಾಗಗಳನ್ನು ಬೇರೆ ಪುಸ್ತಕದಲ್ಲಿ ಬರೆದು ಸಮಿತಿಯ ಬೀರುವಿನಲ್ಲಿ ಇಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಡಿಸೆಂಬರಿನ ಚಿತ್ರ ಇಳಿಸಿಕೊಂಡ ಮೇಲೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮತ್ತೆ ಬರೆಯಿರಿ. ಮಾರ್ಚಿನ ಚಿತ್ರ ಬರುವಷ್ಟರಲ್ಲಿ ಬಿಡಿಸಿಕೊಳ್ಳೋಣ.